ಎಡಗಿವಿ

ಕೈ ಇನ್ನೂ ಅಲ್ಲೇ ಇದೆ, ಮೇಬಲ್ ಬಂದು ಒಂದು ಬೊಗಸೆ ಸುರಿದು ಹೋದಳು, ಪಕ್ಕದ ಮನೆಯ ಕಾನ್ಸೆಪ್ಟಾ ಸುರಿದಳು, ಬೆಳ್ಮಣ್‌ನಿಂದ ಬಂದ ನೆಂಟರು ಸಾಲುಗಟ್ಟಿ ಸುರಿಯುತ್ತಿದ್ದಾರೆ, ತೆಂಗಿನ ಹಾಲು ಲವಿಟಾಳ ನೆತ್ತಿಯಿಂದ ಇಳಿದು ಹಣೆ ಮೂಗು ಗಲ್ಲ ತೋಯಿಸಿ ಎಡಕ್ಕೆ ಬಂದಾಗ ಮಾತ್ರ ಆ ಬಿಳಿ ಕೈಯ ಬೆನ್ನು ಹತ್ತಿ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತದೆ, ಕಿವಿಯೊಳಗೆ ಒಂದು ಹನಿ ಹೋಗಬೇಕಲ್ಲ, ಇಲ್ಲ, ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಕೂತಿದೆ ಕೈ, ಸುಕ್ಕು, ಕಂದು ಚುಕ್ಕೆ, ಗಿಡ್ಡ ಉಗುರು, ಅರವತ್ತು ದಾಟಿದ ಜರ್ಮನ್ ಹೆಂಗಸು ಹೈಕೆಯ ಕೈ — ಮತ್ತೆ ಮದುಮಗಳ ತಾಯಿ ಪ್ರೆಸಿಲ್ಲಾ ಎಲ್ಲಿದ್ದಾಳೆ ಅಂದರೆ ಅಡುಗೆಮನೆಯ ಕಿಟಕಿಯ ಹಿಂದೆ, ಬಿಸಿನೀರು ನೋಡಿ ಬರುತ್ತೇನೆ ಅಂತ ಚಪ್ಪರದಿಂದ ಎದ್ದು ಬಂದವಳು, ಬಿಸಿನೀರು ಇರುವುದು ಹಿತ್ತಲ ಬಚ್ಚಲಿನ ಹಂಡೆಯಲ್ಲಿ, ಅಡುಗೆಮನೆಯಲ್ಲಲ್ಲ, ಒಂದು ಸುಳ್ಳು ಹೇಳಲೂ ನೆಟ್ಟಗೆ ಬರುವುದಿಲ್ಲ ಅವಳಿಗೆ. ನಾಳೆ ಮಗಳ ಮದುವೆ, ಇವತ್ತು ರೋಸ್, ಹುಡುಗಿ ಹುಡುಗಿಯಾಗಿ ತಾಯಿಮನೆಯಲ್ಲಿ ಕೂರುವ ಕೊನೆಯ ಸಂಜೆ, ತಲೆಗೆ ತೆಂಗಿನ ಹಾಲು ಸುರಿದು ಹರಸುವುದು, ಮೊದಲ ಕೈ ಹೆತ್ತವರದ್ದು, ಆಮೇಲೆ ಉಳಿದವರದ್ದು, ಶಿರ್ವದಲ್ಲಿ ಯಾವ ಮನೆಯಲ್ಲಿ ಕೇಳಿದರೂ ಇದೇ ಕ್ರಮ, ಮೊದಲ ಕೈ ಪ್ರೆಸಿಲ್ಲಾಳದ್ದೇ ಆಗಿತ್ತು, ಆದರೆ ಈಗ ಊರವರ ಕಣ್ಣು ಯಾವ ಕೈಯ ಮೇಲಿದೆ, ವೀಡಿಯೋದವನು ಕೂಡ ಕ್ಯಾಮೆರಾವನ್ನು ಅಲ್ಲಿಗೇ ನೆಟ್ಟಿದ್ದಾನೆ, ನೋಡಿ ಎಂಥ ಪ್ರೀತಿ ಅಂತ ಕಾನ್ಸೆಪ್ಟಾ ಯಾರ ಹತ್ತಿರವೋ ಹೇಳಿದ್ದು ಕಿಟಕಿಯವರೆಗೆ ಕೇಳಿಸಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಯಲ್ಲಿರುವಂಥದ್ದು ಅಂದುಕೊಂಡಿದ್ದಳು ಇಷ್ಟು ವರ್ಷ, ಅಲ್ಲ, ಅದು ಅಂಗೈಯಲ್ಲಿರುತ್ತದೆ, ಎರಡೂ ಅಂಗೈ ಉರಿಯುತ್ತಿವೆ, ಇನ್ನು ಸ್ವಲ್ಪ ಹೊತ್ತಿಗೆ ಗಂಡ ರೋನಿ ಮೈಕ್ ಹಿಡಿದುಕೊಂಡು ಬರುತ್ತಾನೆ, ಪ್ರೆಸ್ಸಿ ಈಗ ಹೇಳು ಅನ್ನುತ್ತಾನೆ, ಎಲ್ಲರ ಎದುರು ಹೈಕೆಗೆ ಒಂದು ಥ್ಯಾಂಕ್ಸ್ ಹೇಳು ಮಮ್ಮಿ, ಕೊಂಕಣಿಯಲ್ಲೇ ಹೇಳು, ನಾನು ಅವಳಿಗೆ ಅರ್ಥ ಹೇಳ್ತೇನೆ, ನನಗೆ ಚಿನ್ನ ಬೇಡ ಎಂತದೂ ಬೇಡ ಇದೊಂದು ಮಾಡು ಅಂತ ಮಗಳು ಕೇಳಿಕೊಂಡದ್ದು, ಪ್ರೆಸಿಲ್ಲಾ ಆಯಿತು ಅಂದದ್ದು, ಅದೆಲ್ಲ ಬೆಳಿಗ್ಗೆಯ ಮಾತು, ಬೆಳಿಗ್ಗೆ ಆ ಕೈ ಅಲ್ಲಿರಲಿಲ್ಲ.

ಅದೇ ಹೈಕೆಗೋಸ್ಕರ ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿದವಳೂ ಇದೇ ಪ್ರೆಸಿಲ್ಲಾ, ಅದನ್ನೂ ಹೇಳಬೇಕು, ಲವಿಟಾ ಮಣಿಪಾಲದಲ್ಲಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋದ ಹೊಸತರಲ್ಲಿ, ಕೋಣೆಯ ಗೋಡೆಗೆಲ್ಲ ಬೂಷ್ಟು ಬಂದಿದೆ, ಹೀಟರ್ ಕೆಟ್ಟಿದೆ, ಮಮ್ಮಿ ನನಗೆ ಬೆರಳು ಮಡಚಲಿಕ್ಕೆ ಆಗುವುದಿಲ್ಲ ಅಂತ ಫೋನಿನಲ್ಲಿ ಅತ್ತಾಗ ಇಲ್ಲಿ ಶಿರ್ವದ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತು ನಡುಗಿದವಳು ಅವಳು, ರೋನಿ ಆಗಿನ್ನೂ ದೋಹಾದಲ್ಲಿದ್ದ, ಎಲ್ಲ ಸರಿಯಾಗುತ್ತದೆ ಅನ್ನುವುದೊಂದು ಬಿಟ್ಟರೆ ಅವನಿಗೆ ಬೇರೆ ಮಾತು ಬರುತ್ತಿರಲಿಲ್ಲ, ಆಮೇಲೆ ಆ ಊರಿನ ಗಂಡಹೆಂಡತಿ, ಕ್ಲೌಸ್ ಮತ್ತು ಹೈಕೆ, ತಮ್ಮ ಮನೆಯ ಮಾಳಿಗೆಯ ಕೋಣೆ ಕೊಟ್ಟರು, ಊಟಕ್ಕೂ ಕರೆದರು, ಬರಬರುತ್ತಾ ಮನೆಯವಳನ್ನಾಗಿಯೇ ಮಾಡಿಕೊಂಡರು, ದೇವರೇ ಕಳಿಸಿದ ಜನ, ತಣ್ಣಗಿರಲಿ ಅವರ ಮನೆ ಅಂತ ಪ್ರೆಸಿಲ್ಲಾ ಸಂಜೆಯ ಜಪಮಾಲೆಯಲ್ಲಿ ಅವರಿಗೂ ಒಂದು ಪ್ರಾರ್ಥನೆ ಸೇರಿಸಿದಳು, ಊರಿಗೆ ಬಂದು ಹೋಗುವ ನರ್ಸುಗಳ ಕೈಯಲ್ಲಿ ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಕಳಿಸಿದಳು, ಗೇರುಬೀಜ ಕಳಿಸಿದಳು, ವೀಡಿಯೋ ಕಾಲ್‌ನಲ್ಲಿ ಕೈ ಮುಗಿದಳು, ಥ್ಯಾಂಕ್ಯೂ ಥ್ಯಾಂಕ್ಯೂ, ಎಷ್ಟು ಸಲ ಬೇಕಾದರೂ ಹೇಳುತ್ತಿದ್ದಳು ಆಗ, ಮೊಬೈಲಿನಷ್ಟೇ ದೊಡ್ಡವಳಾಗಿರುವ ಹೆಂಗಸಿಗೆ ಋಣಿಯಾಗಿರುವುದಕ್ಕೆ ಏನು ಕಷ್ಟ, ಕೆಂಪು ಬಟನ್ ಒತ್ತಿದರೆ ಹೋಗುತ್ತಾಳೆ. ಈ ಸಲ ಹೋಗಲಿಲ್ಲ, ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೂರ್ತಿ ಆರಡಿ ಎತ್ತರವಾಗಿ ಹೊರಗೆ ಬಂದಳು, ಕ್ಲೌಸ್‌ಗೆ ಮೊಣಕಾಲು ನೋವು, ಇವಳೊಬ್ಬಳೇ, ಲಾವೀ ಅಂತ ಕರೆದಳು, ಲಾವಿ ಅಂದರೆ ಯಾರು, ಈ ಮನೆಯಲ್ಲಿ ಅವಳು ಬೇಬಿ, ಶಾಲೆಯಲ್ಲಿ ಲವಿಟಾ, ಈ ಲಾವಿ ಯಾವಾಗ ಹುಟ್ಟಿದ್ದು, ಯಾರು ಹೆತ್ತದ್ದು, ಆದರೆ ಲಾವಿ ಅಂದದ್ದೇ ತಡ ಮಗಳು ಪ್ರೆಸಿಲ್ಲಾಳ ಕೈಯಲ್ಲಿ ಬ್ಯಾಗ್ ಹಿಡಿಸಿ ಓಡಿದಳು, ಕುತ್ತಿಗೆಗೆ ಜೋತುಬಿದ್ದಳು. ಸ್ವತಃ ತಾನು ವಾರದ ಹಿಂದೆ ಬಂದಿಳಿದಾಗ ತಾಯಿಯನ್ನು ಹೀಗೆ ತಬ್ಬಿದ್ದಳೋ, ತಬ್ಬಿದ್ದಳು, ಆದರೆ ಬೆನ್ನು ತಟ್ಟುವ ಹಾಗೆ, ದೊಡ್ಡವರು ಚಿಕ್ಕವರಿಗೆ ಮಾಡುವ ಹಾಗೆ.

ಅಲ್ಲಿಂದ ಶುರುವಾದದ್ದು ಈ ಉರಿ, ಕಟಪಾಡಿ ದಾಟುವಷ್ಟರಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಆ ಭಾಷೆಯಲ್ಲಿ ಗೊಳ್ಳೆಂದು ನಗುತ್ತಿದ್ದರು, ಮುಂದಿನ ಸೀಟಿನಲ್ಲಿ ಕೂತ ಪ್ರೆಸಿಲ್ಲಾ ಹಿಂದೆ ತಿರುಗಿ ತಾನೂ ನಕ್ಕಳು, ಯಾಕೆ ನಕ್ಕಳೋ ಅವಳಿಗೇ ಗೊತ್ತಿಲ್ಲ, ಮನೆಗೆ ಬಂದು ಚಹಾ ಕೊಟ್ಟರೆ ಲಾವಿಗೆ ಸಕ್ಕರೆ ಬೇಡ ಅಂತ ಹೈಕೆ ಹೇಳುತ್ತಾಳೆ, ಅಷ್ಟೂ ದಿನ ಪ್ರೆಸಿಲ್ಲಾ ಹಾಕಿದ ಎರಡೆರಡು ಚಮಚ ಸಕ್ಕರೆಯ ಚಹಾವನ್ನು ಹುಡುಗಿ ಮಾತಾಡದೆ ಕುಡಿದಿದ್ದಾಳೆ, ನೆಂಟರ ಮನೆಯಲ್ಲಿ ಕುಡಿಯುವ ಹಾಗೆ, ಮೀನಿನ ಮುಳ್ಳು ಬಿಡಿಸಲಿಕ್ಕೆ ಬಾರದೆ ಒದ್ದಾಡಲಿ ಅಂತ ಬೇಕೆಂದೇ ಮೈಯೆಲ್ಲ ಮುಳ್ಳಿರುವ ಮೀನು ಬಡಿಸಿದರೆ ಅದನ್ನೂ ಚೊಕ್ಕವಾಗಿ ಬಿಡಿಸಿ ತಿಂದಳು ಮಹಾರಾಯಿತಿ, ಲವಿಟಾಳೇ ಕಲಿಸಿದ್ದಂತೆ, ಮರುದಿನ ಇಬ್ಬರೂ ಕಾಪು ಬೀಚಿಗೆ ಹೋದರು, ದೀಪಸ್ತಂಭ ಹತ್ತಿದರು, ನೀನೂ ಬಾ ಮಮ್ಮಿ ಅಂದಳು, ನನಗೆ ಕೆಲಸ ಉಂಟು ಅಂದಳು ಪ್ರೆಸಿಲ್ಲಾ, ಇನ್ನೊಂದು ಸಲ ಕರೆದಿದ್ದರೆ ಹೋಗುತ್ತಿದ್ದಳು, ಕರೆಯಲಿಲ್ಲ. ಅಂಗಳದ ಮಲ್ಲಿಗೆ, ಬೇಸಗೆಯಿಡೀ ನೀರೆರೆದು ಈ ಮದುವೆಗೆಂದೇ ಸಾಕಿದ ಗಿಡದ್ದು, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟರೆ ಮಗಳು ಅದರಲ್ಲಿ ಒಂದು ಮೊಳ ತುಂಡು ಮಾಡಿ, ಹೈಕೆಯ ಕತ್ತರಿಸಿದ ಬಿಳಿಕೂದಲಿಗೆ ಮುಡಿಸಲು ಆಗದೆ ಅವಳ ಮಣಿಕಟ್ಟಿಗೆ ಸುತ್ತಿದಳು, ಡಾಂಕೆ ಡಾಂಕೆ, ಡಾಂಕೆ ಅಂದರೆ ಥ್ಯಾಂಕ್ಯೂ, ಬೆಳಗಾದರೆ ಮನೆಯಲ್ಲಿ ಅದೇ ಆಗಿದೆ, ನೀರು ಕೊಟ್ಟರೆ ಡಾಂಕೆ, ಕುರ್ಚಿ ಎಳೆದರೆ ಡಾಂಕೆ, ಹೆತ್ತ ಮಕ್ಕಳು ತಾಯಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಹೇಳಿದರೆ ದೂರ ಮಾಡಿದ ಹಾಗೆ, ಅದೇ ಸರಿ ಅಂತ ತಿಳಿದಿದ್ದವಳಿಗೆ ಈಗ ಅದೂ ಬೇಕು ಅನಿಸುತ್ತದೆ, ಬಾಯಿಬಿಟ್ಟು ಕೇಳುವುದು ಹೇಗೆ. ಹೈಕೆಗೆ ಸ್ವಂತದ್ದು ಇಬ್ಬರು ಗಂಡುಮಕ್ಕಳಿದ್ದಾರೆ, ಬೆಳೆದವರು, ನೆಟ್ಟಗಿರುವವರು, ಮತ್ತೆ ನನ್ನದು ಒಂದೇ ಒಂದು ಯಾಕೆ ಬೇಕು ಅವಳಿಗೆ, ಇದನ್ನು ಮೇಬಲ್ ಹತ್ತಿರ ಹೇಳಿಯೂ ಹೇಳಿದಳು, ಅತ್ತಿಗೆ ಮೇಬಲ್ ತೆಂಗಿನಕಾಯಿ ತುರಿಯುತ್ತಾ ತಲೆಯೆತ್ತದೆ, ಪ್ರೆಸ್ಸಿ, ಅವಳು ಎತ್ತಿಕೊಂಡು ಹೋಗಲಿಲ್ಲ ಮಾರಾಯ್ತಿ, ಬಿದ್ದಲ್ಲಿಂದ ಎತ್ತಿದ್ದು ಅಷ್ಟೆ ಅಂದಳು. ಮೇಬಲ್‌ಗೆ ಮಕ್ಕಳಿಲ್ಲ, ಅವಳಿಗೆ ಏನು ಗೊತ್ತು ಅಂತ ಮನಸ್ಸಿನಲ್ಲೇ ಅಂದುಕೊಂಡದ್ದು, ಛೇ, ಅದೂ ಒಂದು ಪಾಪ.

ಮೊದಲ ಹಾಲನ್ನು ತಾನೇ ಹಿಂಡಿದಳು, ಮೇಬಲ್ ತಂದ ಬೆಳ್ಮಣ್‌ನ ಕಾಯಿ, ತುಂಬಾ ದಪ್ಪ ಹಾಲು, ಯಾರಿಗೂ ಮುಟ್ಟಲು ಬಿಡಲಿಲ್ಲ, ಸಂಜೆಯಾಯಿತು, ಲವಿಟಾ ಹಳೆಯ ಸೀರೆಯುಟ್ಟು ಬಂದು ಚಪ್ಪರದ ನಡುವೆ ಚಾಪೆಯ ಮೇಲಿನ ಮಣೆಯಲ್ಲಿ ಕೂತಳು, ಕೂತವಳು ಕತ್ತೆತ್ತಿ ಯಾರನ್ನೋ ಹುಡುಕಿದಳು, ಪ್ರೆಸಿಲ್ಲಾ ಎದುರೇ ನಿಂತಿದ್ದಳು, ಸೆರಗು ಸರಿಮಾಡಿಕೊಂಡು ಮುಖ ಮುಂದಕ್ಕೆ ಮಾಡಿದಳು, ನಾನಿಲ್ಲಿದ್ದೇನೆ ಬೇಬಿ, ಆದರೆ ಮಗಳ ಕಣ್ಣು ಅವಳನ್ನು ದಾಟಿ ಮುಂದೆ ಹೋಯಿತು, ಮೊದಲ ಸಾಲಿನ ಕುರ್ಚಿಯಲ್ಲಿ ಉಡುಪಿಯ ಅಂಗಡಿಯ ಹಸಿರು ಸೀರೆಯಲ್ಲಿ ಮೈತುಂಬ ಪಿನ್ನು ಚುಚ್ಚಿಸಿಕೊಂಡು ಕೂತ ಹೈಕೆ ಸಿಕ್ಕ ಮೇಲೆ ನಿಂತಿತು, ಸಮಾಧಾನವಾಯಿತು ಆ ಕಣ್ಣಿಗೆ. ಅಷ್ಟೆ, ಅಷ್ಟಕ್ಕೇ ತಲೆಗೆ ಹಚ್ಚಲೆಂದು ಹಾಲಿನ ಪಕ್ಕ ಇಟ್ಟಿದ್ದ ಎಣ್ಣೆಯ ಬಟ್ಟಲಿಗೆ ಕೈ ಹಾಕಿದ್ದು ಪ್ರೆಸಿಲ್ಲಾ, ಅಲ್ಲಿಯವರೆಗೆ ಆ ಯೋಚನೆಯೇ ಇರಲಿಲ್ಲ, ಅಜ್ಜಿಯ ಮನೆಯ ಹಳೆಯ ಕ್ರಮ ಅದು, ಹಣೆಗೆ ಹಾಲಿನಲ್ಲಿ ಶಿಲುಬೆ ಬರೆದ ಮೇಲೆ ಎರಡೂ ಕಿವಿಗೆ ಒಂದೊಂದು ಹನಿ ಉಗುರುಬೆಚ್ಚಗಿನ ಎಣ್ಣೆ, ಗಂಡನ ಮನೆಯಲ್ಲಿ ಬೇಡದ ಮಾತು ಕಿವಿಗೆ ತಾಗದಿರಲಿ ಅಂತ, ಈಗ ಯಾರೂ ಮಾಡುವುದಿಲ್ಲ, ಎಲ್ಲರೂ ತಲೆಗೆ ಸುರಿದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಆದರೆ ಪ್ರೆಸಿಲ್ಲಾಳಿಗೆ ಗೊತ್ತುಂಟಲ್ಲ, ಈ ಕಿವಿ ಯಾರು ಸಾಕಿದ ಕಿವಿ, ರೋನಿ ದೋಹಾದಲ್ಲಿದ್ದಾಗ ಕಿವಿನೋವೆಂದು ಮಗು ಕಿರುಚಿದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ತೊಡೆಯ ಮೇಲೆ ಮಲಗಿಸಿಕೊಂಡವಳು ಯಾರು, ಬಸ್ಸಿನಲ್ಲಿ ಮಣಿಪಾಲಕ್ಕೆ ಹೊತ್ತುಕೊಂಡು ಹೋದವಳು ಯಾರು, ನೋಡಲಿ ಆ ಹೆಂಗಸು, ಫೋಟೋ ತೆಗೆಯಲಿ ಬೇಕಾದರೆ. ಹೆಂಗಸರು ಮದುವೆಯ ಹಾಡು ವೊವಿಯೊ ಹಾಡುತ್ತಿದ್ದಾರೆ, ಶಿಲುಬೆ ಬರೆದಳು, ಬಲಗಿವಿಗೆ ಒಂದು ಹನಿ, ತಲೆಯನ್ನು ಆ ಕಡೆ ವಾಲಿಸಿ ಎಡಗಿವಿಗೆ ಬೆರಳ ತುದಿಯಿಂದ ಹನಿ ಇಳಿಸಲು ಹೊರಟಳು, ಹುಡುಗಿಯ ಭುಜ ಬಿಗಿಯಾದದ್ದು ಗೊತ್ತಾಯಿತು, ಕಣ್ಣು ಬಿಗಿಯಾಗಿ ಮುಚ್ಚಿದ್ದಾಳೆ, ಬೇಡ ಅನ್ನಲಿಲ್ಲ, ಅನ್ನಲೇ ಇಲ್ಲ, ಹನಿ ಬೆರಳು ಬಿಟ್ಟದ್ದೂ ಹಸಿರು ಸೀರೆ ನುಗ್ಗಿದ್ದೂ ಒಟ್ಟಿಗೇ, ನೈನ್ ಅಂದಳು, ಬೇಡ ಅಂತ, ಕೂಗಲಿಲ್ಲ, ಮೆಲ್ಲಗೆ ಅಂದಳು, ಕೈ ಬಂದು ಕಿವಿಯ ಮೇಲೆ ಕೂತಿತು, ಪ್ರೆಸಿಲ್ಲಾಳ ಎಣ್ಣೆಯ ಹನಿ ಆ ಕೈಯ ಬೆನ್ನಿನ ಮೇಲೆ ಬಿತ್ತು.

ಹಾಡುವವರು ಹಾಡುತ್ತಲೇ ಇದ್ದರು, ಅದು ಒಳ್ಳೆಯದಾಯಿತು, ಲವಿಟಾ ಕಣ್ಣು ತೆರೆದು ತುಟಿ ಅಲುಗದ ಹಾಗೆ ಹೇಳಿದಳು, ಮಮ್ಮಿ, ಆ ಕಿವಿಗೆ ಎಂತದೂ ಹಾಕ್ಲಿಕ್ಕಿಲ್ಲ, ಆಪರೇಷನ್ ಆಗಿದೆ. ಯಾವಾಗ. ಅಲ್ಲಿ ಹೋದ ಎರಡನೇ ಚಳಿಗಾಲ, ಒಳಗೆ ಕೀವಾಗಿ ಮೂಳೆವರೆಗೆ ಹೋಗಿತ್ತು. ನನಗೆ ಯಾಕೆ ಹೇಳ್ಲಿಲ್ಲ ನೀನು. ಹೇಳಿದ್ರೆ ನೀನು ಅಳ್ತಿದ್ದಿ ಮಮ್ಮಿ, ಮತ್ತೆ ನಾನು ನಿನ್ನನ್ನು ಸಮಾಧಾನ ಮಾಡ್ಬೇಕಿತ್ತು, ಆಗ ನನಗೇ ಅಳ್ಬೇಕಿತ್ತು. ಇಷ್ಟೇ, ಯಾರ ಹತ್ತಿರ ಅತ್ತಳು ಅಂತ ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ, ಆ ಕೈಯೇ ಹೇಳುತ್ತಿತ್ತು, ತಲೆಯನ್ನು ಆ ಅಂಗೈಗೆ ಒರಗಿಸಿಕೊಂಡೇ ಮಾತಾಡಿದಳು ಹುಡುಗಿ, ಪೂರ್ತಿ ಭಾರ ಬಿಟ್ಟು, ತಲೆದಿಂಬಿಗೆ ಬಿಟ್ಟ ಹಾಗೆ. ಎರಡನೇ ಚಳಿಗಾಲ, ಹೌದು, ವಾರಗಟ್ಟಲೆ ವೀಡಿಯೋ ಕಾಲ್ ಮಾಡಿರಲಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಅಂದಿದ್ದಳು, ಆಮೇಲೆ ಕಂಡಾಗ ತಲೆಗೆ ಉಣ್ಣೆಯ ಟೋಪಿ, ಒಳ್ಳೆಯ ಟೋಪಿ, ಯಾರು ಹೆಣೆದದ್ದು, ಹೈಕೆ, ಓ ಪಾಪ, ಥ್ಯಾಂಕ್ಯೂ ಹೇಳು ಅಂತ ಪ್ರೆಸಿಲ್ಲಾ ಇಲ್ಲಿಂದ ನಕ್ಕಿದ್ದಳು, ಟೋಪಿಯ ಕೆಳಗೆ ಬ್ಯಾಂಡೇಜ್ ಇತ್ತು, ನಕ್ಕಿದ್ದಳು ಇವಳು. ಮೊನ್ನೆ ಕಾರ್ಕಳದ ಅತ್ತೂರಿನ ಇಗರ್ಜಿಗೆ ಹೋಗಿ ಅವರಿಬ್ಬರೂ ಮೊಂಬತ್ತಿ ಹಚ್ಚಿ ಬಂದರು, ಯಾವ ಹರಕೆ ಅಂತ ಕೇಳಿದರೆ ಸುಮ್ಮನೆ ಮಮ್ಮಿ ಅಂದಳು, ಆ ಸುಮ್ಮನೆಯ ಅರ್ಥ ಇದು, ಹರಕೆ ಹೊತ್ತವಳು ಆ ಹೈಕೆ ಇರಬೇಕು, ನನ್ನ ಊರಿನ ಸಂತರಿಗೆ, ನನ್ನ ಮಗಳ ಕಿವಿಗೆ, ನನ್ನನ್ನು ಬಿಟ್ಟು. ಬದುಕಿಸಿಕೊಟ್ಟಿದ್ದಾಳೆ, ಕಾಲಿಗೆ ಬೀಳಬೇಕು ಅವಳ, ಗೊತ್ತು, ತಲೆಗೆ ಗೊತ್ತು, ಉಂಡ ಮನೆಗೆ ಎರಡು ಬಗೆಯಬಾರದು, ಮಗಳು ಉಂಡ ಮನೆ ಅಂದರೆ ತಾನು ಉಂಡ ಮನೆಯೇ, ಅದೂ ಗೊತ್ತು, ಆದರೆ ಆಸ್ಪತ್ರೆಯ ಕುರ್ಚಿಯಲ್ಲಿ ರಾತ್ರಿಯೆಲ್ಲ ಕೂತವಳು ಅವಳು, ಎಚ್ಚರ ಬಂದಾಗ ಮಗಳು ಮೊದಲು ಕಂಡ ಮುಖ ಅವಳದ್ದು, ಅಷ್ಟನ್ನೂ ತಾನು ಕೊಡುತ್ತಿದ್ದೆನಲ್ಲ, ವೀಸಾ ಸಿಗದಿದ್ದರೆ ಈಜಿಕೊಂಡಾದರೂ ಹೋಗುತ್ತಿದ್ದೆನಲ್ಲ, ಕೇಳಲೇ ಇಲ್ಲವಲ್ಲ ಯಾರೂ. ಪ್ರೆಸ್ಸಿ, ಎಲ್ಲಿದ್ದೀ, ಬಾ ಅಂತ ರೋನಿ ಬಾಗಿಲಿಗೆ ಬಂದಿದ್ದಾನೆ, ಕೈಯಲ್ಲಿ ಮೈಕ್ ಇದೆ.

ಹೋದಳು, ಮೈಕ್ ಹಿಡಿದಳು, ಲವಿಟಾ ಹಾಲು ತೊಟ್ಟಿಕ್ಕುವ ಮುಖವೆತ್ತಿ ನೋಡುತ್ತಿದ್ದಾಳೆ, ಹೇಳು ಮಮ್ಮಿ ಅನ್ನುವ ಮುಖ, ಪ್ರೆಸಿಲ್ಲಾ ಬಂದವರಿಗೆಲ್ಲ ದೇವರು ಒಳ್ಳೆಯದು ಮಾಡಲಿ ಅಂದಳು, ಕಾಯಿ ತಂದ ಮೇಬಲ್‌ಗೆ ಥ್ಯಾಂಕ್ಸ್, ಹಾಡಿದವರಿಗೆ ಥ್ಯಾಂಕ್ಸ್, ಚಪ್ಪರ ಹಾಕಿದವರಿಗೆ ಥ್ಯಾಂಕ್ಸ್, ಹಂದಿ ಪದಾರ್ಥ ಮಾಡಿದ ಕೇಟರಿಂಗ್‌ನವರಿಗೆ ಥ್ಯಾಂಕ್ಸ್, ಯಾರೂ ಊಟ ಮಾಡದೆ ಹೋಗಬಾರದು, ಜನರೇಟರಿನವನಿಗೂ ಹೇಳಿದಳು, ಅವನ ಹೆಸರು ಕೂಡ ನೆನಪಾಯಿತು ಸುಕೇಶ್ ಅಂತ, ಬಾಯಿ ಹತ್ತಿರ ಇನ್ನೊಂದು ಹೆಸರು ಬಂತು, ಬಂದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಅಡ್ಡ ನಿಂತಿತು, ನುಂಗಿದಳು, ಮೈಕ್ ವಾಪಸು ಕೊಟ್ಟಳು. ಕಾನ್ಸೆಪ್ಟಾ ನೆಲ ನೋಡಿದಳು, ರೋನಿ ಕೆಮ್ಮಿದ, ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದದ್ದು ಹೈಕೆ, ಒಂದಕ್ಷರ ಅರ್ಥವಾಗದವಳು, ಎಡಗೈ ಕಿವಿಯ ಮೇಲಿದ್ದದ್ದರಿಂದ ಬಲಗೈಯನ್ನು ತೊಡೆಗೆ ಬಡಿದು ಚಪ್ಪಾಳೆ, ಮುಖ ತುಂಬ ನಗು, ಎಂತ ಹೇಳಿದರು ಅಂತ ಲವಿಟಾಳ ಹತ್ತಿರ ಬಾಗಿ ಕೇಳಿದ್ದೂ ಕಂಡಿತು, ಲವಿಟಾ ಏನೋ ಹೇಳಿದಳು, ಕೇಳಿ ಹೈಕೆಯ ಕಣ್ಣಲ್ಲಿ ನೀರು ಬಂತು, ಪ್ರೆಸಿಲ್ಲಾಳ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು. ತಾಯಿ ಹೇಳದ್ದನ್ನು ಮಗಳೇ ಹೇಳಿಬಿಟ್ಟಿದ್ದಾಳೆ, ತಾಯಿಯ ಹೆಸರಿನಲ್ಲಿ, ಸುಳ್ಳು, ಎಷ್ಟು ನೆಟ್ಟಗೆ ಹೇಳಿದಳು, ತನಗಾದರೋ ಬಿಸಿನೀರಿನ ಸುಳ್ಳೂ ಹೇಳಲಿಕ್ಕೆ ಬರುವುದಿಲ್ಲ. ನಾಚಿಕೆಯಾಯಿತೇ ಅಂದರೆ ಆಯಿತು, ಆದರೂ ಉರಿ ಆರಲಿಲ್ಲ, ಎರಡೂ ಒಂದೇ ಒಲೆಯಲ್ಲಿ ಉರಿಯುತ್ತವೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಈಗ ಬಚ್ಚಲು, ಹೊಗೆ, ಹಂಡೆಯ ನೀರಿನ ಬಿಸಿ ಹಬೆ, ಟೈಲ್ಸ್ ಹಾಕಿದ ಬಾತ್‌ರೂಮ್ ಒಳಗಿದ್ದರೂ ರೋಸಿನ ಸ್ನಾನ ಇಲ್ಲೇ ಆಗಬೇಕು, ಲವಿಟಾ ಬಾಗಿಲಿಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತಿದ್ದಾಳೆ, ತಲೆತುಂಬ ಶಾಂಪೂ ನೊರೆ, ಕಣ್ಣು ಮುಚ್ಚಿದೆ, ಮೇಬಲ್ ಚೆಂಬಿನಿಂದ ನೀರು ತೋಡಿ ಹಾಕುತ್ತಿದ್ದಾಳೆ, ಇಲ್ಲಿಗೂ ಬಂದಿದ್ದಾಳೆ ಅವಳು, ಹಸಿರು ಸೀರೆ ಮೊಣಕಾಲಿನವರೆಗೆ ಒದ್ದೆ, ಕೈ ಅಲ್ಲೇ, ಪ್ರೆಸಿಲ್ಲಾ ಹೊಸ್ತಿಲಲ್ಲಿ ಟವೆಲ್ ಹಿಡಿದು ನಿಂತಿದ್ದಾಳೆ, ತನ್ನ ಮನೆಯ ಬಚ್ಚಲಿಗೆ ತಾನೇ ಹೊರಗಿನವಳ ಹಾಗೆ, ಸಾಕು, ಇಷ್ಟಾದರೂ ಬಿಟ್ಟುಕೊಡು ಮಹಾತಾಯಿ, ನಾಳೆ ಮದುಮಗ ಕರೆದುಕೊಂಡು ಹೋಗುತ್ತಾನೆ, ನಾಡಿದ್ದು ನೀವೆಲ್ಲ ಒಂದೇ ವಿಮಾನದಲ್ಲಿ ಹೋಗುತ್ತೀರಿ, ನನಗೆ ಉಳಿಯುವುದು ಪುನಃ ಮೊಬೈಲು. ಹತ್ತಿರ ಹೋಗಿ ಹೈಕೆಯ ಭುಜ ಮುಟ್ಟಿದಳು, ಊಟಕ್ಕೆ ಹೋಗಿ ಅಂತ ಬೆರಳು ಬಾಯಿಗೆ ಮಾಡಿ ಸನ್ನೆ ಮಾಡಿದಳು, ಹೈಕೆ ಅವಳ ಮುಖ ನೋಡಿದಳು, ಕಿವಿ ನೋಡಿದಳು, ಬಿಡಬಹುದೋ ಬಿಡಬಾರದೋ ಅಂತ ಲೆಕ್ಕ ಹಾಕಿದ ಹಾಗಿತ್ತು, ಮೇಬಲ್ ಚೆಂಬು ಎತ್ತಿಯೇ ಹಿಡಿದಿದ್ದಳು, ಆ ಕೈ ನಿಧಾನ ಎದ್ದಿತು, ಎದ್ದಲ್ಲಿಗೆ ಪ್ರೆಸಿಲ್ಲಾಳ ಅಂಗೈ ಜಾರಿ ಕೂತಿತು, ಒಂದು ಹನಿ ಹೋಗುವಷ್ಟೂ ಎಡೆ ಬಿಡದೆ, ಹೈಕೆ ಸರಿಯಿದೆ ಅನ್ನುವ ಹಾಗೆ ತಲೆಯಾಡಿಸಿ ಟವೆಲಿನ ತುದಿಗೆ ಕೈ ಒರೆಸಿಕೊಂಡು ಹೊರಗೆ ಹೋದಳು. ನೀರು ಬಿತ್ತು, ನೊರೆ ಇಳಿಯಿತು, ಅಂಗೈಯ ಕೆಳಗೆ ಕಿವಿ ಬಿಸಿಯಾಗಿದೆ, ಕಿವಿಯ ಹಿಂದೆ ಉದ್ದಕ್ಕೆ ಹೊಲಿಗೆಯ ಗುರುತು, ಇಷ್ಟು ದಿನ ಕೂದಲಿನಡಿ ಇದ್ದದ್ದು, ಬೆರಳಿಗೆ ಈಗ ಸಿಕ್ಕಿತು, ಎಷ್ಟು ಉದ್ದ, ಎಷ್ಟು ನೋವಾಗಿರಬಹುದು ಬೇಬಿ, ಕೇಳಬೇಕು, ಅಷ್ಟರಲ್ಲಿ ಹುಡುಗಿ ಮೆಲ್ಲಗೆ ತಲೆಯನ್ನು ವಾಲಿಸಿ ಅಂಗೈಗೆ ಒರಗಿಸಿದಳು, ಪೂರ್ತಿ ಭಾರ ಬಿಟ್ಟಳು, ಹಾಗೆ, ಚಪ್ಪರದಲ್ಲಿ ಬಿಟ್ಟ ಹಾಗೆಯೇ, ಕೊನೆಗೂ, ಮುಚ್ಚಿದ ಕಣ್ಣಲ್ಲೇ ನಕ್ಕಳು, ಹೇಳಿದಳು, ಡಾಂಕೆ, ಹೈಕೆ. ಮೇಬಲ್‌ಳ ಚೆಂಬು ಗಾಳಿಯಲ್ಲಿ ನಿಂತಿತು, ಮೇಬಲ್ ಬಾಯಿ ತೆರೆದಳು, ಪ್ರೆಸಿಲ್ಲಾ ಬೇಡ ಅಂತ ತಲೆ ಅಲ್ಲಾಡಿಸಿದಳು, ಹೇಳಬೇಡ, ಸುರಿ, ನೀರು ಸುರಿ, ಕೈ ತೆಗೆದರೆ ತಲೆ ಎದ್ದುಬಿಡುತ್ತದೆ, ಮಾತಾಡಿದರೆ ಎದ್ದುಬಿಡುತ್ತದೆ, ನೀರು ಸುರಿಯಿತು, ಅಂಗೈ ಅಲುಗಲಿಲ್ಲ, ಅಂಗೈ ತುಂಬ ಕಿವಿ, ಅದರ ಮೇಲೆ ಆ ತಲೆಯ ಭಾರ, ಅಂಗೈ, ಕಿವಿ, ಆ ಭಾರ